ಸಮೀಕರಣವೂ ಕಾರಣಿಕವೂ: ಓಬಿಜೆ ಭಾಷಾವಂಶದ ಚರಿತ್ರೆ

ವಿಜಯನಗರ ಜಿಲ್ಲೆಯ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ನೆರೆದ ಜನಸ್ತೋಮವು ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರಣಿಕಕ್ಕೆ ಕಿವಿಗೊಡುತ್ತದೆ. ರೈತನು ಅದನ್ನು ಮಳೆಬೆಳೆಗೂ, ವರ್ತಕನು ಧಾರಣೆಗೂ, ಮತ್ತೊಬ್ಬನು ರಾಜಕೀಯಕ್ಕೂ ಅನ್ವಯಿಸಿಕೊಳ್ಳುವನು. ನುಡಿ ಒಂದು, ಅರ್ಥ ಹಲವು. ಒಂದು ನುಡಿಗೆ ಒಂದೇ ಅರ್ಥವಿರುವಂತೆ ಕಟ್ಟಲು ಸಾಧ್ಯವೇ? ಗಣಕಯಂತ್ರದ ಕ್ಷೇತ್ರದಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡ ಓಬಿಜೆ ಭಾಷಾವಂಶದ ಚರಿತ್ರೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಗಣಕಭಾಷೆಗಳಲ್ಲಿ ಹೆಚ್ಚಿನವು ಯಂತ್ರಕ್ಕೆ 'ಇದನ್ನು ಮಾಡು, ಬಳಿಕ ಅದನ್ನು ಮಾಡು' ಎಂದು ಆಜ್ಞಾಪಿಸುತ್ತವೆ. ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ಗೋಗೆನ್ 1976ರಲ್ಲಿ ರೂಪಿಸತೊಡಗಿದ ಓಬಿಜೆಯಾದರೋ ಯಾವುದು ಯಾವುದಕ್ಕೆ ಸಮವೆಂಬುದನ್ನಷ್ಟೇ ಸಾರುತ್ತದೆ. ಸೊನ್ನೆಯನ್ನೂ 'ಮುಂದಿನದು' ಎಂಬ ಕ್ರಿಯೆಯನ್ನೂ ಇಟ್ಟುಕೊಂಡರೆ ಸಂಕಲನಕ್ಕೆ ಎರಡು ಸಮೀಕರಣಗಳು ಸಾಕು: ಸೊನ್ನೆಗೆ ಒಂದು ಸಂಖ್ಯೆಯನ್ನು ಕೂಡಿದರೆ ಆ ಸಂಖ್ಯೆಯೇ, ಒಂದು ಸಂಖ್ಯೆಯ ಮುಂದಿನದಕ್ಕೆ ಇನ್ನೊಂದನ್ನು ಕೂಡಿದರೆ ಅವೆರಡರ ಮೊತ್ತದ ಮುಂದಿನದು. ಯಂತ್ರವು ಎಡಪಕ್ಷದ ಸ್ಥಾನದಲ್ಲಿ ಬಲಪಕ್ಷವನ್ನಿಡುತ್ತ ಹೋಗುತ್ತದೆ. ಇನ್ನು ಬದಲಿಸಲಾಗದೆ ಉಳಿದುದೇ ಉತ್ತರ. ಗೋಗೆನ್ನರೂ ಅವರ ಸಹೋದ್ಯೋಗಿಗಳೂ ಅರ್ಥಕ್ಕೆ ಎರಡು ಕಟ್ಟುಗಳನ್ನು ವಿಧಿಸಿದರು. ಹೇಳಿದ ಕ್ರಿಯೆಗಳಿಂದ ಹುಟ್ಟದ ವಸ್ತು ಅಲ್ಲಿರಕೂಡದು. ಸಮೀಕರಣಗಳಿಂದ ಸಿದ್ಧಿಸದ ಸಮತೆಯೂ ಇರಕೂಡದು. ಆದರೆ ಯಾವ ಕ್ರಮದಲ್ಲಿ ಬದಲಿಸಿದರೂ ಫಲವೊಂದೇ ಆಗುವಂತೆ ಸಮೀಕರಣಗಳನ್ನು ಬರೆಯುವ ಹೊಣೆ ಕರ್ತೃವಿನದೇ.

ಮುಂದೆ ಮೆನ್ಲೋ ಪಾರ್ಕಿನ ಎಸ್.ಆರ್.ಐ. ಸಂಸ್ಥೆಯಲ್ಲಿ ಫುತತ್ಸುಗಿ, ಜುವಾನೊ, ಮೆಸೆಗೇರ್ ಇವರೊಡಗೂಡಿ ಗೋಗೆನ್ ಸಿದ್ಧಪಡಿಸಿದ ಓಬಿಜೆ-2, 1985ರಲ್ಲಿ ವಿದ್ವಾಂಸರ ಮುಂದೆ ಬಂದಿತು. ಇದರಲ್ಲಿ ವರ್ಗಗಳೊಳಗೆ ಉಪವರ್ಗಗಳಿಗೆ ಎಡೆಯಿದೆ. ಭಾಜಕವು ಸೊನ್ನೆಯಲ್ಲದ ಸಂಖ್ಯೆಗಳ ಉಪವರ್ಗದ್ದೇ ಆಗಿರಬೇಕೆಂಬ ನಿಯಮವನ್ನು ಮೊದಲೇ ಸಾರಿಡಬಹುದು. ಓಬಿಜೆ-3ರ ತರುವಾಯ ವಂಶವು ಕವಲೊಡೆಯಿತು. ಜಪಾನಿನಲ್ಲಿ ಫುತತ್ಸುಗಿಯವರ ನೇತೃತ್ವದಲ್ಲಿ ಕೆಫೆ-ಓಬಿಜೆ ಬೆಳೆಯಿತು. ಮೆಸೆಗೇರ್ ಮತ್ತು ಸಂಗಡಿಗರಿಂದ 'ಮಾಡ್' ಎಂಬ ಭಾಷೆ ಹುಟ್ಟಿತು.

ಈ ಕಡೆಯ ಕವಲು ವಿಶೇಷ ಗಮನಾರ್ಹ. ಇಲ್ಲಿ ಸಮತೆಯನ್ನು ಹೇಳುವ ಸಮೀಕರಣಗಳಲ್ಲದೆ, ಪರಿವರ್ತನೆಯನ್ನು ಹೇಳುವ ನಿಯಮಗಳೂ ಉಂಟು. ಎರಡು ಸಂದೇಶಗಳಲ್ಲಿ ಯಾವುದು ಮೊದಲು ತಲಪಿತೆಂಬುದನ್ನನುಸರಿಸಿ ಒಂದೇ ಸ್ಥಿತಿಯಿಂದ ಹಲವು ಫಲಗಳು ಹೊರಡಬಹುದು. ಬಹುತ್ವವನ್ನು ಹೊರಗಿಡಲು ಹೊರಟ ವಂಶವೇ ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿಕೊಟ್ಟಿತು. ಆದರೆ ಇಲ್ಲಿ ಹಲವಾಗುವುದು ಫಲ, ಅರ್ಥವಲ್ಲ. ಮೈಲಾರದಲ್ಲಿ ಹಲವಾಗುವುದು ಅರ್ಥವೇ. ಸಮೀಕರಣದ ಅರ್ಥವು ಅದನ್ನು ಬರೆದಾಗಲೇ ನಿಶ್ಚಿತ. ಅದು ನಮ್ಮ ಉದ್ದೇಶಕ್ಕೆ ಹೊಂದಿತೇ ಎಂಬುದನ್ನು ಮಾತ್ರ ಯಂತ್ರವು ಹೇಳಲಾರದು. ಅದನ್ನು ನಿರ್ಣಯಿಸುವ ಭಾರ, ಕಾರಣಿಕವನ್ನು ಕೇಳಿ ಹೊಲಕ್ಕೆ ಮರಳುವ ರೈತನಿಗೆಂತೋ ಅಂತೆಯೇ, ಮನುಷ್ಯನ ಮೇಲೆಯೇ ಉಳಿದಿದೆಯೆಂದು ನಮಗೆ ತೋರುತ್ತದೆ.