ದನಿ ತೆಗೆಯದ ಹಾಡು

ಒಂಬತ್ತನೆಯ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟದ ಸಮೂಹಗಾನ ಸ್ಪರ್ಧೆಗೆ ನಾನೂ ಹೋಗಿದ್ದೆ. ವೇದಿಕೆ ಹತ್ತುವ ಮುನ್ನ ಮೇಡಂ ಕಿವಿಯ ಬಳಿ ಬಂದು, “ನೀನು ಬರೀ ತುಟಿ ಆಡಿಸು, ದನಿ ತೆಗೀಬೇಡ” ಎಂದರು. ಎರಡನೆಯ ಬಹುಮಾನವಾಗಿ ಬಂದ ಸ್ಟೀಲ್ ಲೋಟವನ್ನು ಅಮ್ಮ ಬಂದವರಿಗೆಲ್ಲ ತೋರಿಸಿದಳು. ಅದರಲ್ಲಿ ನಾನು ಒಂದು ದಿನವೂ ನೀರು ಕುಡಿಯಲಿಲ್ಲ.

ಬ್ರಿಟನ್ನಿನ ವೇಲ್ಸ್ ನಾಡಿನ ಕಥೆ ಓದಿದಾಗ ಆ ಲೋಟ ನೆನಪಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಮನೆಮಾತಾದ ವೆಲ್ಷ್ ಆಡಿದರೆ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಇನ್ನೊಂದು ಮಗು ಬಾಯ್ತಪ್ಪಿ ಆಡಿದರೆ ಅದು ಆ ಕೊರಳಿಗೆ. ಕೊನೆಗೆ ಯಾರಲ್ಲಿ ಉಳಿಯಿತೋ ಅವರಿಗೆ ಏಟು. ಆ ನುಡಿ ಸೊರಗುವುದನ್ನು ಕಂಡು ಇಫಾನ್ ಅಬ್ ಓವನ್ ಎಡ್ವರ್ಡ್ಸ್ 1922ರಲ್ಲಿ ಮಕ್ಕಳಿಗಾಗಿ ‘ಇರ್ದ್’ ಎಂಬ ಸಂಘ ಕಟ್ಟಿದರು. 1929ರಲ್ಲಿ ಕಾರ್ವೆನ್ ಊರಿನಲ್ಲಿ ಅದರ ಮೊದಲ ಸ್ಪರ್ಧಾ ಉತ್ಸವ ನಡೆಯಿತು. ಅಜ್ಜ ಅಜ್ಜಿಯರಿಗೆ ಏಟು ಕೊಡಿಸಿದ ಮಾತಿನಲ್ಲೇ ಮೊಮ್ಮಕ್ಕಳು ಹಾಡಿದರು. ಇಂದಿಗೂ ಶಾಲೆಗಳ ಗಾಯನ ತಂಡಗಳು ಕೆಳಹಂತಗಳಲ್ಲಿ ಗೆದ್ದು ಮೇ ಕೊನೆಯ ಹೊತ್ತಿಗೆ ದೊಡ್ಡ ಉತ್ಸವಕ್ಕೆ ಬರುತ್ತವೆ.

ಅಲ್ಲಿಯೂ ತೀರ್ಪುಗಾರರಿದ್ದಾರೆ, ಸೋಲುವ ಮಕ್ಕಳಿದ್ದಾರೆ. ಆದರೆ ಆ ಸ್ಪರ್ಧೆ ಹುಟ್ಟಿದ್ದು ಕಟ್ಟಿದ ಬಾಯಿ ಬಿಡಿಸಲು. ನಾವು ಬಹುಮಾನಕ್ಕಾಗಿ ಬಾಯಿ ಕಟ್ಟಿದೆವಲ್ಲ!

ಮೊನ್ನೆ ಮೊಮ್ಮಗಳು, “ಅಜ್ಜಿ, ನನ್ನ ಶ್ರುತಿ ಸರಿಯಿಲ್ಲವಂತೆ, ತಂಡದಲ್ಲಿ ಬೇಡವಂತೆ” ಎಂದು ಮುಖ ಸಪ್ಪಗೆ ಮಾಡಿದಳು. ಅಡುಗೆಮನೆಯಲ್ಲೇ ಇಬ್ಬರೂ ದನಿ ತೆಗೆದು ಹಾಡಿದೆವು. ಶ್ರುತಿ ತಪ್ಪಿತು. ಆದರೂ ನಿಲ್ಲಿಸಲಿಲ್ಲ.