ಹೆಸರಿಲ್ಲದ ಗುಡ್ಡಕ್ಕೆ ಸಾಕ್ಷಿ ಯಾರು?



ಬೆಂಗಳೂರಿನಿಂದ ಹಳೆಯ ಮೈಸೂರು ರಸ್ತೆಯಲ್ಲಿ ಹೊರಟರೆ ರಾಮನಗರ ದಾಟಿ, ಚನ್ನಪಟ್ಟಣ ಸೇರುವ ಮೊದಲು ಕೆಂಗಲ್ ಸಿಗುತ್ತದೆ. ಆಂಜನೇಯನ ಗುಡಿಗೆ ಪ್ರಸಿದ್ಧವಾದ ಈ ಊರಿನ ಹೆಸರಿನಲ್ಲೇ ಕೆಂಪು ಕಲ್ಲಿದೆ. ಈ ಸೀಮೆಯ ಬೆಟ್ಟಗಳ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಂದಿಗೂ ಈ ಶಿಲೆಯನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ಇಷ್ಟು ಹಳೆಯ ಬಂಡೆಯನ್ನು ಕೆಲವೇ ವರ್ಷಗಳಲ್ಲಿ ಕಲ್ಲುಗಣಿ ಹಳ್ಳವಾಗಿಸಬಲ್ಲದು. ಸಾಲಾಗಿ ರಂಧ್ರ ಕೊರೆದು, ಬೆಣೆ ಹೊಡೆದೋ ಸಿಡಿಮದ್ದು ಇಟ್ಟೋ ಬಂಡೆಯನ್ನು ಸೀಳುತ್ತಾರೆ. ದೊಡ್ಡ ದಿಮ್ಮಿಗಳು ಪಾಲಿಶ್ ಕಾರ್ಖಾನೆಗೆ ಹೋಗುತ್ತವೆ. ಚೂರುಗಳು ಕ್ರಷರ್‌ನಲ್ಲಿ ಜಲ್ಲಿಯಾಗುತ್ತವೆ. ನಮ್ಮ ಮನೆ, ಶಾಲೆ, ರಸ್ತೆಗಳಿಗೂ ಕಲ್ಲು ಬೇಕು. ಆದ್ದರಿಂದ ಇದು ಬೈದು ಮುಗಿಸುವ ಮಾತಲ್ಲ. ಆದರೆ ಕಡಿದ ಕಾಡನ್ನು ಮತ್ತೆ ಬೆಳೆಸಬಹುದು, ಒಡೆದ ಬೆಟ್ಟವನ್ನು ಬೆಳೆಸಲಾಗದು. ಅದು ಹೇಗಿತ್ತೆಂಬ ದಾಖಲೆಯಾದರೂ ಉಳಿಯಬೇಡವೇ?

ಈ ಬೆಟ್ಟಗಳನ್ನು ಚಿತ್ರಿಸಿದವರು ಇಲ್ಲದಿಲ್ಲ. ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್‌ನಲ್ಲಿ ಸಾವನದುರ್ಗವನ್ನು ಗೆದ್ದಿತು. ಆ ಯುದ್ಧದ ಕಾಲದ ಚಿತ್ರಕಾರ ರಾಬರ್ಟ್ ಹೋಮ್ ಕಂಡದ್ದು ಶತ್ರುವಿನ ಕೋಟೆಯನ್ನು. 1973ರಲ್ಲಿ ರಾಮದೇವರ ಬೆಟ್ಟದ ಬಳಿ 'ಶೋಲೆ' ಚಿತ್ರೀಕರಣ ಆರಂಭವಾದಾಗ ಛಾಯಾಗ್ರಾಹಕ ದ್ವಾರಕಾ ದಿವೇಚಾ ಕಂಡದ್ದು ಗಬ್ಬರ್ ಸಿಂಗನ ಅಡಗುದಾಣವನ್ನು. 1975ರಲ್ಲಿ ತೆರೆಕಂಡ ಆ ಚಿತ್ರದ ಹಿನ್ನೆಲೆ ಇಂದು ಇತಿಹಾಸದ ದಾಖಲೆ. ರಾಮದೇವರ ಬೆಟ್ಟಕ್ಕೆ 2012ರಲ್ಲಿ ರಣಹದ್ದುಗಳ ಧಾಮವೆಂಬ ರಕ್ಷಣೆಯೂ ದೊರೆಯಿತು. ಕೋಟೆಯೂ ಇಲ್ಲದ, ಸಿನಿಮಾದವರೂ ಬಾರದ ಗುಡ್ಡಗಳ ಗತಿಯೇನು?

ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್‌ಸ್ಕಿ 1991ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಗ್ರಾನೈಟ್ ಗಣಿಯನ್ನೇ ವಿಷಯವಾಗಿಸಿಕೊಂಡರು. ನೀವು ಅಷ್ಟು ದೂರ ಹೋಗಬೇಕಿಲ್ಲ. ಗುಡಿಯ ಜಗಲಿಯೋ ಶಾಲೆಯ ಮೆಟ್ಟಿಲೋ, ಒಂದು ಜಾಗ ಗೊತ್ತುಮಾಡಿಕೊಳ್ಳಿ. ಪ್ರತಿವರ್ಷ ಅದೇ ತಿಂಗಳು, ಅದೇ ಹೊತ್ತಿಗೆ, ಅಲ್ಲಿಂದಲೇ ಎದುರಿನ ಗುಡ್ಡದ ಚಿತ್ರ ತೆಗೆಯಿರಿ. ಗಣಿಯ ಅಂಚಿಗೆ ಮಾತ್ರ ಹೋಗಬೇಡಿ. ಮಸೂರವೂ ಅದೇ ಇರಲಿ. ಟೆಲಿ ಮಸೂರದಲ್ಲಿ ಗುಡ್ಡ ಹಿರಿದಾಗಿಯೂ, ವೈಡ್ ಆಂಗಲ್ ಮಸೂರದಲ್ಲಿ ಕಿರಿದಾಗಿಯೂ ಕಾಣುತ್ತದೆ. ಮಸೂರ ಬದಲಾದರೆ ಗುಡ್ಡ ಕರಗಿತೋ ಚಿತ್ರ ಮೋಸಮಾಡಿತೋ ಹೇಳುವುದು ಕಷ್ಟ.

ಚಿತ್ರದ ಹಿಂದೆ ದಿನಾಂಕ, ನಿಂತ ಜಾಗ, ಊರ ಹಿರಿಯರು ಆ ಗುಡ್ಡವನ್ನು ಕರೆಯುವ ಹೆಸರು, ಈ ಮೂರನ್ನೂ ಬರೆದಿಡಿ. ಇವಿಲ್ಲದ ಚಿತ್ರ ನೋಡಲು ಚೆಂದ, ಅಷ್ಟೇ. ಇವಿದ್ದರೆ ಅದು ಸಾಕ್ಷಿ. ಇಪ್ಪತ್ತು ವರ್ಷಗಳ ನಂತರ ಯಾರಾದರೂ "ಅಲ್ಲಿ ಗುಡ್ಡವೇ ಇರಲಿಲ್ಲ" ಎಂದರೆ, ಉತ್ತರ ನಿಮ್ಮ ಕೈಯಲ್ಲಿರುತ್ತದೆ.