ಹಗೇವಿನ ರಾಗಿ



ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಸುಗ್ಗಿಯ ದಿನಗಳಲ್ಲಿ, ರಾಗಿಯ ಮೆದೆಗಳನ್ನು ತಾವು ನೋಡಿರಬಹುದು. ಮಳೆಯನ್ನೇ ನಂಬಿದ ಸೀಮೆ ಇದು. ಇಲ್ಲಿ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದದ್ದನ್ನು ಕೆಡದಂತೆ ಕಾಪಿಡುವುದೂ ಅಷ್ಟೇ ಮುಖ್ಯ. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳಲ್ಲಿ ಹಗೇವು ಒಂದು.

ರಾಗಿ ಬಹುಕಾಲ ಬಾಳುತ್ತದೆಂಬುದು ಹಳೆಯ ತಿಳಿವಳಿಕೆ. ಹದಿನಾರನೆಯ ಶತಮಾನದ ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತ ಮತ್ತು ರಾಗಿಯ ಜಗಳ ತೀರಿಸಲು ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕಂಗೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಇದು ಬರಿಯ ಕಥೆಯಲ್ಲ, ಒಕ್ಕಲಿನ ಅನುಭವ. ರಾಗಿಯ ಕಾಳು ತೀರ ಸಣ್ಣದು. ಅಕ್ಕಿ, ಜೋಳಗಳ ಒಳಹೊಕ್ಕು ಬೆಳೆಯುವ ಹುಳುವಿಗೆ ಅದರಲ್ಲಿ ಎಡೆ ಸಾಲದು.

ಆದರೆ ಹಸಿ ರಾಗಿಯನ್ನು ಯಾವ ಗುಣವೂ ಕಾಯಲಾರದು. ಆದ್ದರಿಂದ ಕಾಪಿಡುವ ಕೆಲಸ ಕೊಯ್ಲಿನಲ್ಲೇ ಆರಂಭವಾಗುತ್ತಿತ್ತು. ಕೊಯ್ದ ಪೈರು ಒಣಗಬೇಕು, ಮೆದೆಯಾಗಬೇಕು, ಕಣದಲ್ಲಿ ಗುಂಡು ಉರುಳಬೇಕು, ತೂರಿದ ಕಾಳು ಮತ್ತೆ ಬಿಸಿಲು ಕಾಣಬೇಕು. ಇಂದಿನ ಲೆಕ್ಕದಲ್ಲಿ ಕಾಳಿನ ತೇವ ನೂರಕ್ಕೆ 12ನ್ನು ಮೀರಬಾರದು.

ಹಗೇವನ್ನು ನೀರು ನಿಲ್ಲದ ಗಟ್ಟಿ ನೆಲದಲ್ಲಿ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಕುಗ್ಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. 1800ರಲ್ಲಿ ಇದೇ ಹನೂರು, ಕೌದಳ್ಳಿಗಳ ದಾರಿಯಲ್ಲಿ ಸಾಗಿದ್ದ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯವರು ರಾಗಿಯನ್ನು ಗುಂಡಿಗಳಲ್ಲಿ ಕಾಪಿಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡದು. ಬಲ್ಲವರು ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು. ಆಮೇಲೆ ಹಗ್ಗ ಕಟ್ಟಿ ಉರಿಯುವ ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಕೂಡದು. ಅವಸರದಿಂದ ಇಳಿದವನೂ, ಅವನನ್ನು ಎತ್ತಲು ಹೋದವನೂ ಒಟ್ಟಿಗೆ ಪ್ರಾಣ ಬಿಡುವ ಅಪಾಯ ಅಲ್ಲಿತ್ತು.

ಹಗೇವಿಗೂ ಒಂದು ಮಿತಿಯಿತ್ತು. ತುಂಬಲು ಬೆಳೆಯೇ ಇಲ್ಲದಾಗ ಅದು ಏನು ಮಾಡೀತು? 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದ ಕೊಳ್ಳೇಗಾಲ ಸೀಮೆಯೂ ಆ ಬರದ ಹೊಡೆತಕ್ಕೆ ಸಿಕ್ಕಿತ್ತು.

ಮುಂದೆ ಗೋಣಿಚೀಲ, ಪಡಿತರ ಅಂಗಡಿ, ಹಣದ ಬೆಳೆಗಳು ಬಂದವು. ಹಲವು ವರ್ಷದ ರಾಗಿಯನ್ನು ಕೂಡಿಡುವ ಅಗತ್ಯ ಕಡಿಮೆಯಾಯಿತು, ಹಗೇವುಗಳು ಮುಚ್ಚಿಹೋದವು. ಆದರೂ ಅದರ ತತ್ತ್ವ ಹಳತಾಗಿಲ್ಲ. ಇಂದು ರೈತರು ಬಳಸುವ ಗಾಳಿಯಾಡದ ಚೀಲಗಳು ಅದೇ ಕೆಲಸವನ್ನೇ ಮಾಡುತ್ತವೆ: ಚೆನ್ನಾಗಿ ಒಣಗಿಸು, ಬಿಗಿಯಾಗಿ ಮುಚ್ಚು.

ತಮ್ಮ ಹಿತ್ತಲಲ್ಲೋ ಕಣದ ಮಗ್ಗುಲಲ್ಲೋ ಹಳೆಯ ಹಗೇವಿದ್ದರೆ ಮನೆಯ ಹಿರಿಯರನ್ನು ಕೇಳಿ, ಅದರ ಕಥೆಯನ್ನು ಬರೆದಿಡಿ. ಆದರೆ ದಯವಿಟ್ಟು ಒಳಗೆ ಇಳಿಯಬೇಡಿ.